ಸಾಂಬ್ರಾ ಬಯಲು ಮತ್ತು ಸಹ್ಯಾದ್ರಿಯ ಮೋಡ

ಬೆಳಗಾವಿಯಿಂದ ಪೂರ್ವಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿರುವ ಸಾಂಬ್ರಾ ಗ್ರಾಮವನ್ನು ಇಂದು ಎಲ್ಲರೂ ವಿಮಾನ ನಿಲ್ದಾಣದಿಂದಲೇ ಗುರುತಿಸುತ್ತಾರೆ. 1942ರಲ್ಲಿ ಬ್ರಿಟಿಷರ ರಾಯಲ್ ಏರ್ ಫೋರ್ಸ್ ಈ ನೆಲೆಯನ್ನು ನಿರ್ಮಿಸಿತು. ಅದೇ ವರ್ಷ ಜಪಾನೀ ಸೇನೆ ಬರ್ಮಾವನ್ನು ವಶಪಡಿಸಿಕೊಂಡಿತ್ತು. ವೈಮಾನಿಕರ ತರಬೇತಿಗೂ ಬರ್ಮಾ ರಣರಂಗದ ಬೆಂಬಲಕ್ಕೂ ಸಾಂಬ್ರಾ ಬಳಕೆಯಾಯಿತು.

ನಗರದ ಪೂರ್ವದ ಬಯಲೇ ಏಕೆ ಅನುಕೂಲವೆಂಬುದಕ್ಕೆ ಭೂಗೋಳವೇ ಉತ್ತರ ಹೇಳುತ್ತದೆ. ನೈಋತ್ಯ ಮಾರುತ ಅರಬ್ಬೀ ಸಮುದ್ರದಿಂದ ಬಂದು ಸಹ್ಯಾದ್ರಿಯನ್ನು ಏರುವಾಗ ತಣಿದು ಮಳೆಗರೆಯುತ್ತದೆ. ಖಾನಾಪುರ ತಾಲ್ಲೂಕಿನ ಕಣಕುಂಬಿ, ಭೀಮಗಡದ ಕಾಡುಗಳು ಆ ಮಳೆಯಲ್ಲಿ ತೊಯ್ದು ತೊಪ್ಪೆಯಾಗುತ್ತವೆ. ಪೂರ್ವಕ್ಕೆ ಸರಿದಂತೆ ಮಳೆ ಇಳಿಮುಖವಾಗುತ್ತದೆ. ಮಳೆಯ ನೆರಳಿನ ಪ್ರದೇಶವೆಂದು ತರಗತಿಯಲ್ಲಿ ನಾವು ಕಲಿಸುತ್ತಿದ್ದ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿರಲಿಲ್ಲ.

ಓದುಗರು ಇನ್ನೊಂದು ಅಂಶವನ್ನು ಗಮನಿಸಬೇಕು. ಮಲಪ್ರಭೆ ಹುಟ್ಟುವ ಕಣಕುಂಬಿ ಸಮುದ್ರಮಟ್ಟದಿಂದ ಸುಮಾರು 790 ಮೀಟರ್ ಎತ್ತರದಲ್ಲಿದೆ. ಸಾಂಬ್ರಾದ ಓಡುದಾರಿ ಸುಮಾರು 758 ಮೀಟರ್. ಹಿಮಾಲಯದಲ್ಲಿರುವಂತೆ ಇಲ್ಲಿ ವಿಮಾನದ ಎದುರಿಗೆ ಗೋಡೆಯಂಥ ಬೆಟ್ಟವಿಲ್ಲ. ಮಳೆಗಾಲದಲ್ಲಿ ನೆಲಕ್ಕೆ ತಾಗುವಂತೆ ಇಳಿಯುವ ಮೋಡವೇ ಇಲ್ಲಿಯ ಬೆಟ್ಟ. ಎತ್ತರದ ತೆಳುಗಾಳಿಯಿಂದಾಗಿ, ವೇಗಮಾಪಕದ ಮುಳ್ಳು ಅದೇ ಅಂಕಿಯನ್ನು ತೋರಿಸುತ್ತಿದ್ದರೂ, ವಿಮಾನ ಕರಾವಳಿಗಿಂತ ಶೇಕಡಾ 4ರಷ್ಟು ಹೆಚ್ಚಿನ ವೇಗದಲ್ಲಿ ನೆಲ ಮುಟ್ಟುತ್ತದೆ. ಬೇಸಿಗೆಯಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಓಡುದಾರಿ ಪೂರ್ವ-ಪಶ್ಚಿಮವಾಗಿ ಚಾಚಿರುವುದು ಒಂದು ಭಾಗ್ಯವೇ ಸರಿ. ಪಡುವಣ ಗಾಳಿಗೆ ಮುಖಕೊಟ್ಟು ಇಳಿಯುವ ವಿಮಾನಕ್ಕೆ ಆ ಗಾಳಿಯೇ ಕಡಿವಾಣವಾಗುತ್ತದೆ.

1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಗಾಗಿ ಭಾರತದ ವಾಯುಬಲ ಪುಣೆ ಮತ್ತು ಸಾಂಬ್ರಾ ನೆಲೆಗಳಲ್ಲಿ ಜಮಾಯಿಸಿತು. ಏರ್ ವೈಸ್ ಮಾರ್ಷಲ್ ಎರ್ಲಿಕ್ ಪಿಂಟೋ ಅದರ ನೇತೃತ್ವ ವಹಿಸಿದ್ದರು. 18ರಂದು ಕ್ಯಾನ್‌ಬೆರಾ ವಿಮಾನಗಳು ದಾಬೋಳಿಯ ಓಡುದಾರಿಯ ಮೇಲೆ ಬಾಂಬು ಹಾಕಿದವು. ಆರು ಹಂಟರ್ ವಿಮಾನಗಳು ಬಾಂಬೋಳಿಯ ನಿಸ್ತಂತು ಕೇಂದ್ರದ ಮೇಲೆ ಎರಗಿದವು. ಹಾಗಿದ್ದರೂ ಅದೇ ರಾತ್ರಿ ಹಾನಿಗೊಂಡ ಆ ಓಡುದಾರಿಯಿಂದಲೇ ಪೋರ್ಚುಗೀಸರ ಎರಡು ಪ್ರಯಾಣಿಕ ವಿಮಾನಗಳು ಮೇಲೆದ್ದು ಕರಾಚಿಯನ್ನು ಸೇರಿದವು. ಶತ್ರುಪಕ್ಷದವರಾದರೂ ಆ ಚಾಲಕರ ಎದೆಗಾರಿಕೆಯನ್ನು ಇತಿಹಾಸ ಮರೆಯಲಾಗದು. 19ರಂದು ಗೋವಾ ಶರಣಾಯಿತು.

ಮುಂದೆ ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ ನೆಲೆಯೂರಿತು. ನಾಗರಿಕ ವಿಮಾನಯಾನ ಮಾತ್ರ ಬಹುಕಾಲ ಸಣ್ಣ ವಿಮಾನಗಳಿಗೇ ಸೀಮಿತವಾಗಿತ್ತು. 1,830 ಮೀಟರ್ ಇದ್ದ ಓಡುದಾರಿಯನ್ನು 2,300 ಮೀಟರಿಗೆ ಹಿಗ್ಗಿಸಲಾಯಿತು. 2017ರ ಸೆಪ್ಟೆಂಬರ್ 14ರಂದು ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. 2023ರ ಮೇ 30ರಂದು ಎರಡು ಆಸನಗಳ ತರಬೇತಿ ವಿಮಾನವೊಂದು ಸಾಂಬ್ರಾ ಸಮೀಪದ ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕುಳಿದರು. ಸುತ್ತ ಸಮತಟ್ಟಾದ ಹೊಲಗಳಿರುವುದರ ಬೆಲೆ ಆ ದಿನ ತಿಳಿಯಿತು.

ಮಂಗಳೂರಿನ ಬಜ್ಪೆಗೆ ಆ ಅನುಕೂಲವಿಲ್ಲ. ಅಲ್ಲಿ ಗುಡ್ಡದ ನೆತ್ತಿಯನ್ನೇ ಸಮ ಮಾಡಿ ಓಡುದಾರಿ ಕಟ್ಟಬೇಕಾಯಿತು. ಅದರ ಅಂಚಿನಾಚೆ ಕಂದರ. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನ ಓಡುದಾರಿ ದಾಟಿ ಉರುಳಿ, ಅದರಲ್ಲಿದ್ದ 166 ಜನರಲ್ಲಿ 158 ಮಂದಿ ಅಸುನೀಗಿದರು. ಆ ಓಡುದಾರಿ 2,450 ಮೀಟರ್, ಅಂದರೆ ಸಾಂಬ್ರಾದ್ದಕ್ಕಿಂತ ಉದ್ದ. ತಪ್ಪಾಗಿ ಆರಂಭವಾದ ಇಳಿತವನ್ನು ಕೈಬಿಟ್ಟು ಮತ್ತೆ ಮೇಲೇರದಿದ್ದುದೇ ಮುಖ್ಯ ಕಾರಣವೆಂದು ತನಿಖೆ ಹೇಳಿತು.

ಉದ್ದದ ಓಡುದಾರಿಯೊಂದೇ ರಕ್ಷಣೆಯಲ್ಲ ಎಂಬುದು ಇದರಿಂದ ಸ್ಪಷ್ಟ. ಆಷಾಢದಲ್ಲಿ ಮೋಡ ಕವಿದು ಬೆಳಗಾವಿಗೆ ಬಂದ ವಿಮಾನ ಇಳಿಯದೆ ಹಿಂತಿರುಗಿದರೆ ಪ್ರಯಾಣಿಕರು ಗೊಣಗುವುದು ಸಹಜ. ಆದರೆ ಹಿಂತಿರುಗಬೇಕೆಂದು ನಿರ್ಧರಿಸಿದ ಆ ಚಾಲಕನೇ ಅಂದು ತನ್ನ ವಿದ್ಯೆಯನ್ನು ಸರಿಯಾಗಿ ಬಳಸಿದವನು.