ಕಾರಿಗೆ ಇಬ್ಬರೇ: ಡ್ರೈವ್-ಇನ್ ಸಿನಿಮಾದ ಒಂದು ಕಥೆ

2020ರ ಮೇ ತಿಂಗಳನ್ನು ದುಬೈಯಲ್ಲಿದ್ದ ಯಾರೂ ಮರೆಯಲಾರರು. ರಂಜಾನ್ ನಡೆಯುತ್ತಿದ್ದರೂ ಮಸೀದಿಗಳು ಮುಚ್ಚಿದ್ದವು. ರಾತ್ರಿ ಹತ್ತರ ಮೇಲೆ ಹೊರಗೆ ಬರುವಂತಿರಲಿಲ್ಲ. ಚಿತ್ರಮಂದಿರಗಳಿಗೆ ಮಾರ್ಚ್‌ನಿಂದಲೇ ಬೀಗ ಬಿದ್ದಿತ್ತು. ಅಂಥ ಹೊತ್ತಿನಲ್ಲಿ, ಮೇ 17ರಂದು, ಮಾಲ್ ಆಫ್ ದಿ ಎಮಿರೇಟ್ಸ್‌ನ ಮೇಲ್ಛಾವಣಿಯಲ್ಲಿ ವೋಕ್ಸ್ ಸಿನಿಮಾಸ್‌ನವರು ಡ್ರೈವ್-ಇನ್ ತೆರೆದರು. 75 ಕಾರುಗಳಿಗೆ ಜಾಗ. ಪಾಪ್‌ಕಾರ್ನ್, ತಿಂಡಿ, ನೀರು ಎಲ್ಲ ಸೇರಿ ಕಾರಿಗೆ 180 ದಿರ್ಹಮ್. ಆದರೆ ಒಂದು ಕಾರಿನಲ್ಲಿ ಇಬ್ಬರೇ ಇರಬೇಕು.

ನಮ್ಮ ಮನೆಯಲ್ಲಿ ನಾವು ನಾಲ್ವರು.

ಈ 'ಇಬ್ಬರೇ' ಎಂಬ ನಿಯಮ ಎಷ್ಟು ತಲೆಕೆಳಗಾದದ್ದು ಎಂಬುದು ಡ್ರೈವ್-ಇನ್‌ನ ಚರಿತ್ರೆ ಓದಿದಾಗ ನಮಗೆ ಗೊತ್ತಾಯಿತು. ಏಕೆಂದರೆ ಅದು ಹುಟ್ಟಿದ್ದೇ ಇಡೀ ಮನೆಮಂದಿಗಾಗಿ.

ಅಮೆರಿಕದ ನ್ಯೂಜೆರ್ಸಿಯ ರಿಚರ್ಡ್ ಹಾಲಿಂಗ್ಸ್‌ಹೆಡ್ ಎಂಬಾತ ತನ್ನ ಮನೆಯ ಅಂಗಳದಲ್ಲಿ ಕಾರಿನ ಬಾನೆಟ್ ಮೇಲೆ ಪ್ರೊಜೆಕ್ಟರ್ ಇಟ್ಟು, ಮರಗಳಿಗೆ ಪರದೆ ಕಟ್ಟಿ, ಹಿಂದೆ ರೇಡಿಯೊ ಇಟ್ಟು ಪ್ರಯೋಗ ಮಾಡಿದ. ಮಳೆ ಬಂದರೆ ಹೇಗೆ ಕಾಣುತ್ತದೆಂದು ತಿಳಿಯಲು ಗಿಡಗಳಿಗೆ ನೀರು ಚಿಮ್ಮಿಸುವ ಪೈಪನ್ನೇ ಹಚ್ಚಿದನಂತೆ. ಮುಂದಿನ ಕಾರು ಹಿಂದಿನವರಿಗೆ ಅಡ್ಡ ಬರಬಾರದಲ್ಲ? ಅದಕ್ಕೆ ಸಾಲುಸಾಲಾಗಿ ದಿಬ್ಬ ಕಟ್ಟಿ, ಕಾರಿನ ಮೂತಿ ಮೇಲಕ್ಕೆ ನಿಲ್ಲುವ ಹಾಗೆ ಮಾಡಿದ. ಪೇಟೆಂಟ್ ಪಡೆದು, 1933ರ ಜೂನ್ 6ರಂದು ಕ್ಯಾಮ್ಡನ್ ಪಟ್ಟಣದ ಬಳಿ ಮೊದಲ ಡ್ರೈವ್-ಇನ್ ತೆರೆದ. ಕಾರಿಗೆ 25 ಸೆಂಟ್, ತಲೆಗೆ 25 ಸೆಂಟ್. ಎಷ್ಟೇ ಜನ ತುಂಬಿಕೊಂಡು ಬಂದರೂ ಒಂದು ಡಾಲರ್ ಮೀರುತ್ತಿರಲಿಲ್ಲ. ಮಕ್ಕಳು ಎಷ್ಟೇ ಗಲಾಟೆ ಮಾಡಿದರೂ ಪರವಾಗಿಲ್ಲ, ಎಲ್ಲರೂ ಬನ್ನಿ ಎಂಬುದೇ ಅವನ ಜಾಹೀರಾತು. ನಮ್ಮ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ' ಬೆಂಗಳೂರಿನಲ್ಲಿ ತೆರೆ ಕಂಡದ್ದು ಅದರ ಮರುವರ್ಷ, 1934ರ ಮಾರ್ಚ್‌ನಲ್ಲಿ.

ಮೊದಮೊದಲು ಧ್ವನಿಯದೇ ತೊಂದರೆ. ಪರದೆಯ ಬಳಿಯ ದೊಡ್ಡ ಸ್ಪೀಕರುಗಳ ಸದ್ದು ಹಿಂದಿನ ಸಾಲಿಗೆ ತಡವಾಗಿ ಮುಟ್ಟುತ್ತಿತ್ತು, ಅಕ್ಕಪಕ್ಕದ ಮನೆಯವರಿಗೆ ಮಾತ್ರ ಚೆನ್ನಾಗಿ ಕೇಳುತ್ತಿತ್ತು! 1940ರ ದಶಕದಲ್ಲಿ ಕಾರಿನ ಕಿಟಕಿಗೆ ಸಿಕ್ಕಿಸುವ ಪುಟ್ಟ ಸ್ಪೀಕರ್ ಬಂತು, ಆಮೇಲೆ ಎಫ್.ಎಂ. ರೇಡಿಯೊ. 1950ರ ದಶಕದ ಕೊನೆಗೆ ಅಮೆರಿಕದಲ್ಲಿ ಸುಮಾರು 4,000 ಡ್ರೈವ್-ಇನ್‌ಗಳಿದ್ದವು. ಟಿ.ವಿ., ವಿಡಿಯೊ ಕ್ಯಾಸೆಟ್, ಏರಿದ ಜಮೀನಿನ ಬೆಲೆ ಇವೆಲ್ಲ ಸೇರಿ ಅವುಗಳಲ್ಲಿ ಹೆಚ್ಚಿನವನ್ನು ಮುಚ್ಚಿಸಿದವು.

ಭಾರತದಲ್ಲಿ ಅಹಮದಾಬಾದಿನ ಸನ್‌ಸೆಟ್ ಡ್ರೈವ್-ಇನ್ 1973ರಲ್ಲಿ ಶುರುವಾಯಿತು. ಅಲ್ಲಿ ಕಾರಿಲ್ಲದವರಿಗೂ ಜಾಗವಿದೆ. ಮನೆಮಂದಿ ಚಾಪೆ, ಊಟದ ಡಬ್ಬಿ ತಂದು ಕೂರುತ್ತಾರೆ. ನಮ್ಮವರಿಗೆ ಡ್ರೈವ್-ಇನ್ ಎಂದರೆ ನೆನಪಾಗುವುದು ಬೆಂಗಳೂರಿನ ಏರ್‌ಲೈನ್ಸ್ ಹೋಟೆಲ್, ಕಾರಿಗೇ ಬರುವ ಮಸಾಲೆದೋಸೆ. ಸಿನಿಮಾದ ಮಾತು ಬಂದರೆ ನಮ್ಮ ಕಡೂರು ಕಡೆಯವರಿಗೆ ಟೆಂಟೇ ಗತಿ. ಸಂಜೆ ಮೈಕಿನಲ್ಲಿ ಘಂಟಸಾಲರ ವೆಂಕಟೇಶ ಸ್ತುತಿ ಕೇಳಿಸಿತೆಂದರೆ ಅವ್ವ ಒಲೆ ಆರಿಸಿ ಹೊರಡುವಳು. ನೆಲದ ಮೇಲೆ ಮರಳು ಗುಡ್ಡೆ ಮಾಡಿ ಕೂರುವುದು, ಹಿಂದಿನವರು ಬೈಯುವುದು, ಪಕ್ಕದ ಮನೆಯ ಮಗು ನಮ್ಮ ತೊಡೆಯ ಮೇಲೆ ನಿದ್ದೆ ಹೋಗುವುದು, ಇದೆಲ್ಲ ಟಿಕೆಟ್ಟಿನಲ್ಲಿ ಸೇರಿದ್ದೇ. ಈ ದೇಶಕ್ಕೆ ಮೊದಲು ಬಂದ ನಮ್ಮ ಹಿರಿಯರೂ ಬರ್ ದುಬೈನ ಪ್ಲಾಜಾ, ಅಬುಧಾಬಿಯ ಎಲ್ಡೊರಾಡೊ ಚಿತ್ರಮಂದಿರಗಳನ್ನು ನೆನೆಯುವಾಗ ಸಿನಿಮಾಕ್ಕಿಂತ ಹೆಚ್ಚಾಗಿ ಅಲ್ಲಿ ಸಿಕ್ಕ ಊರವರ ಮಾತೇ ಆಡುತ್ತಾರೆ.

2020ರಲ್ಲಿ ನಮಗೆ ಇಲ್ಲವಾದದ್ದು ಅದೇ. ಆಸ್ಪತ್ರೆಯ ಫಾರ್ಮಸಿಯಲ್ಲಿ ಬಿಪಿ, ಶುಗರ್ ಮಾತ್ರೆಗಳನ್ನು ತಿಂಗಳುಗಟ್ಟಲೆಗೆ ಪ್ಯಾಕ್ ಮಾಡಿ ರೋಗಿಗಳ ಮನೆಗೆ ಕಳುಹಿಸುವ ಕೆಲಸ. ಮನೆಗೆ ಬಂದರೆ ನೇರ ಬಚ್ಚಲಿಗೆ, ಅಲ್ಲಿಂದ ಬೇರೆ ಕೋಣೆಗೆ. ಊಟದ ತಟ್ಟೆ ಬಾಗಿಲ ಬಳಿ. ಎರಡು ತಿಂಗಳು ಗಂಡ ಹೆಂಡತಿ ಒಂದೇ ಸೋಫಾದ ಮೇಲೆ ಕೂತಿರಲಿಲ್ಲ. ಸಿನಿಮಾಕ್ಕೆ ಹೋಗಿ ಎಂದವರು ಮಕ್ಕಳೇ. "ಇಬ್ಬರೇ ಅಂತಲ್ಲ, ನೀವಿಬ್ಬರೇ ಹೋಗಿ ಬನ್ನಿ. ತಮ್ಮನನ್ನ ನಾನು ನೋಡ್ಕೋತೀನಿ" ಎಂದಳು ಹದಿನೈದರ ಮಗಳು.

ಹೋಗಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆವು. ಔಷಧದವರಾಗಿ ನಮಗೆ ಗೊತ್ತಿತ್ತು: ಪಕ್ಕದ ಕಾರಿನವರಿಂದ ಭಯವಿಲ್ಲ, ಭಯವಿರುವುದು ನಮ್ಮ ಕಾರಿನೊಳಗೇ. ಕೊನೆಗೆ ಇಬ್ಬರೂ ಮಾಸ್ಕ್ ಹಾಕಿ, ಕಿಟಕಿ ನಾಲ್ಕು ಬೆರಳು ಇಳಿಸಿ ಕೂತೆವು. ರೇಡಿಯೊದಲ್ಲಿ ಮಾತು, ಎದುರಿಗೆ ಪರದೆ. ಇಂಗ್ಲಿಷ್ ಸಿನಿಮಾ, ನಗು ಬರುವ ಜಾಗಗಳಿದ್ದವು. ಬೇರೆ ಕಾರುಗಳಲ್ಲೂ ನಕ್ಕಿರಬೇಕು. ನಮಗೆ ಕೇಳಿಸಿದ್ದು ನಮ್ಮಿಬ್ಬರ ನಗು ಮಾತ್ರ. ನಡುವೆ ಯಾವಾಗಲೋ ಕೈ ಹಿಡಿದುಕೊಂಡಿದ್ದೆವು. ಆಮೇಲೆ ಇಬ್ಬರೂ ಸ್ಯಾನಿಟೈಸರ್ ಹಚ್ಚಿಕೊಂಡು ನಕ್ಕೆವು. ಹತ್ತರೊಳಗೆ ಮನೆ ಸೇರಿದಾಗ ಮಕ್ಕಳಿಬ್ಬರೂ ಎದ್ದೇ ಇದ್ದರು. ಬಾಗಿಲ ಆಚೆಯಿಂದಲೇ ಕಥೆ ಹೇಳಿದೆವು.

ಮೇ ಮುಗಿಯುವ ಮೊದಲೇ ದುಬೈಯ ಚಿತ್ರಮಂದಿರಗಳು ಮತ್ತೆ ತೆರೆದವು, ನಡುವೆ ಸೀಟು ಬಿಟ್ಟು ಕೂರುವ ನಿಯಮದೊಂದಿಗೆ. ನಾಲ್ವರೂ ಒಟ್ಟಿಗೆ ಹೋಗಲು ನಮಗೆ ಇನ್ನೂ ಬಹಳ ತಿಂಗಳು ಹಿಡಿಯಿತು.

ಹಾಲಿಂಗ್ಸ್‌ಹೆಡ್ ಜನರನ್ನು ಕಾರಿನಲ್ಲಿ ತುಂಬಿ ಕರೆದ. ಅದೇ ಉಪಾಯ 87 ವರ್ಷಗಳ ಮೇಲೆ ಜನರನ್ನು ದೂರ ಕೂರಿಸಲು ಬಳಕೆಯಾಯಿತು. ಅವನ ಉಪಕಾರ ನಾವು ಮರೆಯುವುದಿಲ್ಲ. ಎರಡು ತಿಂಗಳ ಮೇಲೆ ನಮ್ಮಿಬ್ಬರನ್ನು ಅಕ್ಕಪಕ್ಕ ಕೂರಿಸಿದ್ದು ಅದೇ. ಆದರೂ ಈಗ ವಾರಾಂತ್ಯಕ್ಕೆ ಕನ್ನಡ ಸಿನಿಮಾ ಬಂದರೆ ನಾವು ಥಿಯೇಟರಿಗೇ ಹೋಗುತ್ತೇವೆ. ನೀವೂ ಬನ್ನಿ, ಮಕ್ಕಳನ್ನೂ ಕರೆತನ್ನಿ. ಹಿಂದಿನ ಸೀಟಿನಲ್ಲಿ ಮಗು ಅತ್ತರೆ ನಾವು ತಿರುಗಿ ಗುರಾಯಿಸುವುದಿಲ್ಲ.