ಮೊದಲ ದಂಡಯಾತ್ರೆಯ ಲೆಕ್ಕಾಚಾರ

ಚದುರಂಗದ ಮಣೆಯ ಮುಂದೆ ಕುಳಿತಾಗ ನಿಮ್ಮ ಬಳಿ 16 ಕಾಯಿಗಳಿರುತ್ತವೆ. ಎದುರಾಳಿಗೂ ಅಷ್ಟೇ. ಆಟ ಸಾಗಿದಂತೆ ಈ ಸಂಖ್ಯೆ ಕಡಿಮೆಯಾಗಬಹುದೇ ಹೊರತು ಹೆಚ್ಚಾಗದು. ಕೊನೆಯ ಸಾಲು ತಲುಪಿದ ಕಾಲಾಳು ಮಂತ್ರಿಯಾಗಬಹುದು; ಆದರೆ ಒಂದು ಕಾಯಿ ಎರಡಾಗುವುದಿಲ್ಲ. ಈಗ ಕಾಯಿಗಳು ಬೆಳೆಯುತ್ತಾ, ಹೆಚ್ಚುತ್ತಾ ಹೋಗುವ ಒಂದು ಆಟವನ್ನು ಕಲ್ಪಿಸಿಕೊಳ್ಳಿ. ಅಲ್ಲಿ ಮೊದಲ ಹತ್ತು ನಡೆಗಳಲ್ಲಿ ಪಡೆದ ಲಾಭಕ್ಕೂ ನೂರನೆಯ ನಡೆಯಲ್ಲಿ ಪಡೆದ ಲಾಭಕ್ಕೂ ಒಂದೇ ಬೆಲೆಯೆ?

ಇಂತಹ ಆಟಗಳು ಗಣಕದಲ್ಲಿವೆ. ನಿಮ್ಮ ಮನೆಯ ಮಕ್ಕಳು ಅವುಗಳನ್ನು ಆಡುತ್ತಿರಲೂಬಹುದು. ಆಟಗಾರರು ಒಬ್ಬರ ನಂತರ ಒಬ್ಬರು ನಡೆ ನಡೆಸುವುದರಿಂದ ಇವುಗಳನ್ನು 'ಸರದಿ ಆಟ'ಗಳೆಂದು ಕರೆಯೋಣ. ಅಮೆರಿಕದ ವಾಲ್ಟರ್ ಬ್ರೈಟ್ 1977ರಲ್ಲಿ ರೂಪಿಸಿದ 'ಎಂಪೈರ್' ಈ ಬಗೆಯ ಮೊದಲ ಆಟಗಳಲ್ಲೊಂದು. ಇವುಗಳಲ್ಲಿ ಹೆಚ್ಚು ಹೆಸರಾದದ್ದು ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ 1991ರಲ್ಲಿ ಹೊರತಂದ 'ಸಿವಿಲೈಜೇಷನ್'. ಆಟ ಕ್ರಿ.ಪೂ. 4000ದಲ್ಲಿ ಆರಂಭವಾಗುತ್ತದೆ. ನೆಲೆಯಿಲ್ಲದ ಒಂದು ಗುಂಪು ನಗರ ಕಟ್ಟುತ್ತದೆ, ಆ ನಗರ ಮತ್ತೊಂದು ಗುಂಪನ್ನು ಕಳುಹಿಸುತ್ತದೆ, ಹೀಗೆ ರಾಜ್ಯ ಹಬ್ಬುತ್ತದೆ. ಇಂತಹ ಆಟಗಳ ತಿರುಳನ್ನು 1993ರಲ್ಲಿ ಅಲನ್ ಎಮ್ರಿಕ್ ಎಂಬ ವಿಮರ್ಶಕ ನಾಲ್ಕು ಕ್ರಿಯಾಪದಗಳಲ್ಲಿ ಹಿಡಿದಿಟ್ಟ: ಹುಡುಕು, ಹಬ್ಬು, ಬಳಸು, ಅಳಿಸು. ಈ ನಾಲ್ಕನೆಯದನ್ನೇ ಎಲ್ಲಕ್ಕಿಂತ ಮೊದಲು ಮಾಡಿ ಮುಗಿಸುವ ಉಪಾಯವನ್ನು ಆಟಗಾರರು ಬಹುಬೇಗ ಕಂಡುಕೊಂಡರು. ಅದರ ಹಿಂದಿರುವ ಗಣಿತವನ್ನು ನೋಡೋಣ.

ಚಕ್ರಬಡ್ಡಿಯ ನಗರಗಳು

ಲೆಕ್ಕ ಸುಲಭವಾಗಲೆಂದು ಪ್ರತಿ ನಗರವೂ 20 ಸರದಿಗಳಲ್ಲಿ ಇನ್ನೊಂದು ನಗರವನ್ನು ಹುಟ್ಟಿಸುತ್ತದೆ ಎಂದಿಟ್ಟುಕೊಳ್ಳಿ. ಒಂದು ನಗರ ಎರಡಾಗಿ, ಎರಡು ನಾಲ್ಕಾಗಿ, 100ನೆಯ ಸರದಿಗೆ 32 ಆಗುತ್ತವೆ. ನಿಮ್ಮಲ್ಲಿ ನಾಲ್ಕು ನಗರಗಳಿರುವಾಗ, ಅಂದರೆ 40ನೆಯ ಸರದಿಯಲ್ಲಿ, ನೆರೆಯವನ ಎರಡು ನಗರಗಳನ್ನು ವಶಪಡಿಸಿಕೊಂಡಿರಿ ಎನ್ನೋಣ. ಆರು ನಗರಗಳು 100ನೆಯ ಸರದಿಗೆ 48 ಆಗುತ್ತವೆ. ಅದೇ ಎರಡು ನಗರಗಳನ್ನು 100ನೆಯ ಸರದಿಯಲ್ಲಿ ಗೆದ್ದರೆ ಸಿಗುವ ಮೊತ್ತ 34 ಮಾತ್ರ. ಗೆದ್ದದ್ದು ಎರಡೂ ಸಲ ಎರಡೇ ನಗರ. ಲಾಭ ಮಾತ್ರ ಒಮ್ಮೆ 16, ಇನ್ನೊಮ್ಮೆ 2. ಘಾತೀಯ ಬೆಳವಣಿಗೆಯ ಗುಣವೇ ಇದು. ಸಾಲ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

1991ರ ಆಟದಲ್ಲಿ ಹೊಸ ನಗರ ಕಟ್ಟುವ ಗುಂಪಿಗೂ ಒಂದು ಯುದ್ಧರಥಕ್ಕೂ ತಗಲುವ ವೆಚ್ಚ ಒಂದೇ: ಉತ್ಪಾದನೆಯ 40 ಅಂಶ. ಗುಂಪನ್ನು ಕಳುಹಿಸಿದರೆ ತಾಯಿನಗರದ ಜನಸಂಖ್ಯೆ ಒಂದು ಅಂಶ ಇಳಿಯುತ್ತದೆ. ರಥ ಕಳುಹಿಸಿದರೆ ಇಳಿಯುವುದಿಲ್ಲ. ಗೆದ್ದ ನಗರದೊಂದಿಗೆ ಅದರ ಜನ, ಕಟ್ಟಡಗಳು ಮತ್ತು ಸೋತವನಿಗೆ ತಿಳಿದಿದ್ದ ಒಂದು ವಿದ್ಯೆಯೂ ಸಿಗಬಹುದು. ಹೀಗಿರುವಾಗ ಕಟ್ಟುವುದಕ್ಕಿಂತ ಕಿತ್ತುಕೊಳ್ಳುವುದು ಅಗ್ಗವೆಂದು ಆಟಗಾರನಿಗೆ ತೋರಿದರೆ ಆಶ್ಚರ್ಯವಿಲ್ಲ.

ಮುಚ್ಚುತ್ತಾ ಹೋಗುವ ಬಾಗಿಲು

ಆದರೆ ನೆರೆಯವನೂ ಬೆಳೆಯುತ್ತಿರುತ್ತಾನೆ. ಮೊದಲ 'ಸಿವಿಲೈಜೇಷನ್'ನಲ್ಲಿ ಕದನದ ಫಲಿತಾಂಶ ಹೆಚ್ಚುಕಡಿಮೆ ಒಂದೇ ದಾಳದ ಎಸೆತ. ದಾಳಿಯ ಬಲ 'ದ' ಮತ್ತು ರಕ್ಷಣೆಯ ಬಲ 'ರ' ಆದರೆ, ದಾಳಿಕಾರ ಗೆಲ್ಲುವ ಸಂಭವನೀಯತೆ ದ/(ದ+ರ). ರಥದ ದಾಳಿಬಲ 4. ನಗರದೊಳಗೆ ನೆಲೆಯೂರಿ ನಿಂತ ಸಾಮಾನ್ಯ ಕಾವಲುಪಡೆಯ ರಕ್ಷಣಾಬಲ 1.5. ಗೆಲ್ಲುವ ಸಂಭವ ಸುಮಾರು ಶೇಕಡ 73. ನೆರೆಯವನು ಕಂಚಿನ ವಿದ್ಯೆ ಕಲಿತು ಈಟಿಯ ವ್ಯೂಹವನ್ನು ನಿಲ್ಲಿಸಿದರೆ ರಕ್ಷಣೆ 3ಕ್ಕೆ ಏರಿ, ಸಂಭವ ಶೇಕಡ 57ಕ್ಕೆ ಇಳಿಯುತ್ತದೆ. ಕಲ್ಲುಕೆಲಸ ಕಲಿತು ಕೋಟೆ ಕಟ್ಟಿದನೆಂದರೆ ರಕ್ಷಣೆ 6, ಸಂಭವ ಶೇಕಡ 40. ಬೇಗ ದಂಡೆತ್ತಬೇಕು ಎಂಬುದಕ್ಕೆ ಎರಡನೆಯ ಕಾರಣ ಇದು. ಬಾಗಿಲು ದಿನೇ ದಿನೇ ಮುಚ್ಚುತ್ತಿರುತ್ತದೆ.

ಒಂದೇ ಎಸೆತದ ಈ ನಿಯಮದಿಂದ ವಿಚಿತ್ರಗಳೂ ಹುಟ್ಟಿದವು. 18 ಬಲದ ಉಕ್ಕಿನ ಯುದ್ಧನೌಕೆ 3 ಬಲದ ಈಟಿವ್ಯೂಹದ ಮೇಲೆ ದಾಳಿ ಮಾಡಿದರೆ, ಸೂತ್ರದ ಪ್ರಕಾರ ಏಳರಲ್ಲಿ ಒಂದು ಸಲ ನೌಕೆಯೇ ಸೋಲಬೇಕು! ಆಟಗಾರರು ಇದನ್ನು ಒಪ್ಪಲಿಲ್ಲ. ಮೂರಕ್ಕೆ ಒಂದರ ಬಲವಿದ್ದರೆ ಗೆದ್ದೇ ತೀರಬೇಕೆಂದು ಜನ ಭಾವಿಸುತ್ತಾರೆ, ನಾಲ್ಕರಲ್ಲಿ ಒಂದು ಸೋಲನ್ನು ಮನಸ್ಸು ಸಹಿಸುವುದಿಲ್ಲ ಎಂಬ ಅನುಭವವನ್ನು ಮೈಯರ್ 2010ರ ಭಾಷಣವೊಂದರಲ್ಲಿ ಹೇಳಿಕೊಂಡರು.

ಬ್ರೈನ್ ರೆನಾಲ್ಡ್ಸ್ ನೇತೃತ್ವದಲ್ಲಿ 1996ರಲ್ಲಿ ಬಂದ ಎರಡನೆಯ ಆಟ ಕದನವನ್ನು ಅನೇಕ ಚಿಕ್ಕ ಪೆಟ್ಟುಗಳಾಗಿ ಒಡೆಯಿತು. ಹತ್ತು ಪೆಟ್ಟನ್ನು ಮೊದಲು ಹೊಡೆದವನು ಗೆಲ್ಲುತ್ತಾನೆ ಎಂದಿಟ್ಟುಕೊಂಡು, ಮೇಲಿನ ಅಂಕಿಗಳಿಗೇ ದ್ವಿಪದ ವಿತರಣೆಯನ್ನು ಅನ್ವಯಿಸಿ ನೋಡಿ. ನೌಕೆ ಸೋಲುವ ಸಂಭವ ಹತ್ತು ಸಾವಿರಕ್ಕೆ ಒಂದರಷ್ಟಾಗುತ್ತದೆ. ರಥದ ವಿಷಯದಲ್ಲಿ 73, 57, 40 ಎಂದಿದ್ದ ಶೇಕಡಾವಾರು ಕ್ರಮವಾಗಿ ಸುಮಾರು 98, 74, 19 ಆಗುತ್ತವೆ. ಎಸೆತಗಳು ಹೆಚ್ಚಿದಷ್ಟೂ ಅದೃಷ್ಟ ಸರಾಸರಿಯಲ್ಲಿ ಕರಗುತ್ತದೆ. ಪರಿಣಾಮವೇನು? ಕಾವಲು ದುರ್ಬಲವಾಗಿರುವಾಗ ದಾಳಿ ಹೆಚ್ಚುಕಡಿಮೆ ಖಚಿತ ಗೆಲುವು. ಕೋಟೆ ಎದ್ದ ಮೇಲೆ ಅದು ಹುಚ್ಚು ಸಾಹಸ. ಮೊದಲ ದಂಡಯಾತ್ರೆಯ ಸಮಯಕ್ಕೆ ಇನ್ನಷ್ಟು ಬೆಲೆ ಬಂತು.

ಘರ್ಷಣೆಯ ಹುಡುಕಾಟ

ತಡೆಯಿಲ್ಲದ ಘಾತೀಯ ಬೆಳವಣಿಗೆ ನಿಸರ್ಗದಲ್ಲಿ ಹೆಚ್ಚು ಕಾಲ ನಡೆಯದು. ಬ್ಯಾಕ್ಟೀರಿಯಾಗಳಿಗೆ ಆಹಾರ ಮುಗಿಯುತ್ತದೆ. ಬೀಳುವ ಮಳೆಹನಿಯ ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚುತ್ತದೆ. ಆಟದ ವಿನ್ಯಾಸಕಾರರೂ ಇಂತಹ ಒಂದು ಘರ್ಷಣೆಯನ್ನು ಮೂರು ದಶಕಗಳಿಂದ ಹುಡುಕುತ್ತಾ ಬಂದಿದ್ದಾರೆ. ರಾಜಧಾನಿಯಿಂದ ದೂರವಾದಷ್ಟೂ ಭ್ರಷ್ಟಾಚಾರ ಹೆಚ್ಚುತ್ತದೆ ಎಂಬ ನಿಯಮ ಮೊದಲ ಆಟದಲ್ಲೇ ಇತ್ತು. 2001ರ ಮೂರನೆಯ ಆಟ ಅದಕ್ಕೆ ನಗರಗಳ ಸಂಖ್ಯೆಯನ್ನೂ ಸೇರಿಸಿತು. 2005ರ ನಾಲ್ಕನೆಯ ಆಟದಲ್ಲಿ ಸೋರೆನ್ ಜಾನ್ಸನ್ ಪ್ರತಿ ನಗರಕ್ಕೂ ನಿರ್ವಹಣಾ ವೆಚ್ಚ ವಿಧಿಸಿದರು. ಆತುರದಿಂದ ಗೆದ್ದವನ ಖಜಾನೆ ಬರಿದಾಗತೊಡಗಿತು. 2016ರ ಆರನೆಯ ಆಟದಲ್ಲಿ ಯುದ್ಧಕೋರನ ಮೇಲೆ ಇತರ ರಾಜ್ಯಗಳು ಮುನಿಸಿಕೊಳ್ಳುತ್ತಿದ್ದವು. ಆದರೆ ಮೊದಲ ಯುಗದಲ್ಲಿ ಈ ದಂಡನೆ ಇರಲಿಲ್ಲವಾದ್ದರಿಂದ ಆಟಗಾರರು ಆ ಯುಗದಲ್ಲೇ ದಂಡೆತ್ತಿ ಮುಗಿಸುತ್ತಿದ್ದರು! 2025ರ ಏಳನೆಯ ಆಟ ಚರಿತ್ರೆಯನ್ನು ಮೂರು ಯುಗಗಳಾಗಿ ಒಡೆದು, ಯುಗಾಂತ್ಯದಲ್ಲಿ ಗಳಿಕೆಯ ಬಹುಭಾಗವನ್ನು ಹಿಂದಕ್ಕೆ ಪಡೆಯುವ ಕ್ರಮದೊಂದಿಗೆ ಬಿಡುಗಡೆಯಾಯಿತು. ಚಕ್ರಬಡ್ಡಿಯ ಸರಪಳಿಯನ್ನೇ ನಡುವೆ ಕತ್ತರಿಸುವ ಯತ್ನವಿದು.

ನಿಜವಾದ ಚರಿತ್ರೆಯಲ್ಲಿ ಈ ಘರ್ಷಣೆಯನ್ನು ಯಾರೂ ಸೇರಿಸಬೇಕಾಗಿರಲಿಲ್ಲ. ಪರ್ಷಿಯಾದ ರಾಜಮಾರ್ಗದಲ್ಲಿ ಸಾರ್ಡಿಸ್‌ನಿಂದ ಸೂಸಾಗೆ ನಡೆದು ಹೋಗಲು 90 ದಿನ ಬೇಕೆಂದು ಹೆರೊಡೋಟಸ್ ಬರೆದಿದ್ದಾನೆ. ಕುದುರೆಯ ವೇಗವನ್ನು ಮೀರಿ ಆಜ್ಞೆ ತಲುಪದ ಕಾಲದಲ್ಲಿ ಗೆದ್ದ ನೆಲವನ್ನು ಆಳುವುದು ಗೆಲ್ಲುವುದಕ್ಕಿಂತ ಕಷ್ಟ. ಅಲೆಗ್ಸಾಂಡರ್ ಕ್ರಿ.ಪೂ. 323ರಲ್ಲಿ ಸತ್ತೊಡನೆ ಅವನ ದಂಡನಾಯಕರು ರಾಜ್ಯಕ್ಕಾಗಿ ಹೊಡೆದಾಡಿದರು. ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿದ ಚಿನ್ ವಂಶ ಹದಿನೈದು ವರ್ಷಗಳಲ್ಲಿ ಉರುಳಿತು.

ಲೆಕ್ಕಕ್ಕೆ ಸಿಗದ ಅಂಕಣ

ಇಷ್ಟೆಲ್ಲ ತಿದ್ದುಪಡಿಗಳಲ್ಲೂ ಒಂದು ಸಂಗತಿಯನ್ನು ನೀವು ಗಮನಿಸಬೇಕು. ಭ್ರಷ್ಟಾಚಾರ, ನಿರ್ವಹಣೆ, ಮುನಿಸು ಇವೆಲ್ಲ ಗೆದ್ದವನಿಗೆ ಆಗುವ ನಷ್ಟಗಳು. ಸೋತ ನಗರದಲ್ಲಿ ಏನಾಯಿತು? ಮೊದಲ ಆಟದಲ್ಲಿ ಜನಸಂಖ್ಯೆಯ ಅಂಕಿ ಒಂದು ಇಳಿಯುತ್ತದೆ, ಅಷ್ಟೇ. ಅದು ಒಂದೇ ಇದ್ದರೆ ನಗರ ಪರದೆಯಿಂದ ಮಾಯವಾಗುತ್ತದೆ.

ಏಳನೆಯ ಆಟದಲ್ಲಿ ನಮ್ಮ ಅಶೋಕ ಎರಡು ರೂಪಗಳಲ್ಲಿ ಬರುತ್ತಾನೆ: ಜಗವ ಗೆದ್ದವನಾಗಿ ಮತ್ತು ಜಗವ ತೊರೆದವನಾಗಿ. ಆಟಗಾರ ಒಂದನ್ನು ಆರಿಸಿಕೊಳ್ಳಬೇಕು. ಚರಿತ್ರೆಯ ಅಶೋಕ ಇಬ್ಬರೂ ಆಗಿದ್ದ, ಮತ್ತು ಲೆಕ್ಕ ಬರೆಸಿದ್ದ. ಕಳಿಂಗದಲ್ಲಿ ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು, ಅದರ ಅನೇಕ ಪಟ್ಟು ಜನ ಸತ್ತರು ಎಂದು ಅವನ ಹದಿಮೂರನೆಯ ಬಂಡೆಶಾಸನ ಹೇಳುತ್ತದೆ. ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಈ ಶಾಸನವನ್ನು ಕೆತ್ತಿಸಿಲ್ಲ. ಅಲ್ಲಿರುವುದು ಪ್ರಜೆಗಳನ್ನು ಮಕ್ಕಳಂತೆ ಕಾಣಬೇಕೆಂದು ಅಧಿಕಾರಿಗಳಿಗೆ ತಿಳಿಸುವ ಎರಡು ಪ್ರತ್ಯೇಕ ಶಾಸನಗಳು. ಆ ಪ್ರತ್ಯೇಕ ಶಾಸನಗಳ ಮತ್ತೊಂದು ಪ್ರತಿ ದೊರೆತದ್ದು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ನದಿಯ ದಡದಲ್ಲಿ.

ಆಟವಾಡಬೇಡಿ ಎಂದು ಮಕ್ಕಳಿಗೆ ಹೇಳಬೇಕಾಗಿಲ್ಲ. ಸಂಭವನೀಯತೆಯನ್ನೂ ಘಾತೀಯ ಬೆಳವಣಿಗೆಯನ್ನೂ ಇಷ್ಟು ಹತ್ತಿರದಿಂದ ತೋರಿಸುವ ಸಾಧನಗಳು ಕಡಿಮೆ. ಮುಂದಿನ ಸಲ ಅವರು ನೆರೆಯವನ ನಗರವನ್ನು ಗೆದ್ದಾಗ ಪಕ್ಕದಲ್ಲಿ ಒಂದು ಹಾಳೆ ಇಡಿ. ಒಂದು ಅಂಕಣದಲ್ಲಿ ಗೆದ್ದವನ ನಗರಗಳು, ಇನ್ನೊಂದರಲ್ಲಿ ಪರದೆಯಿಂದ ಮಾಯವಾದ ಜನಸಂಖ್ಯೆಯ ಅಂಕಿಗಳು. ಆಟ ಮುಗಿದ ಮೇಲೆ ಎರಡನ್ನೂ ಕೂಡಿಸಲು ಹೇಳಿ. ಮೊದಲನೆಯ ಮೊತ್ತವನ್ನು ಗಣಕವೇ ತೋರಿಸುತ್ತಿರುತ್ತದೆ. ಎರಡನೆಯದನ್ನು ಅವರೇ ಕೂಡಿಸಬೇಕಾಗುತ್ತದೆ.