ಸೆಟಿಂಗ್ ಬದಲಿಸಿದರೆ ಪರದೆ ಏಕೆ ಕಪ್ಪಾಗುತ್ತದೆ?

ನಿಮಗೆ ಪರಿಚಯವಿರುವ ಒಬ್ಬ ವಿದ್ಯಾರ್ಥಿಯನ್ನು ಊಹಿಸಿಕೊಳ್ಳಿ. ಅವನ ಲ್ಯಾಪ್‌ಟಾಪ್ ಬಲು ಬೇಗ ಬಿಸಿಯಾಗುತ್ತದೆ, ಆಟಗಳು ನಿಧಾನವಾಗಿ ಓಡುತ್ತವೆ. ಗೆಳೆಯನೊಬ್ಬ ಹೇಳಿದನೆಂದು ಅವನು ಗಣಕ ಆರಂಭವಾಗುವಾಗ ಒಂದು ಕೀಲಿ ಒತ್ತಿ ಸೆಟಪ್ ಪುಟ ತೆರೆದ. ಅಲ್ಲಿ ಮೂರು ಸೆಟಿಂಗ್‌ಗಳನ್ನು ಬದಲಿಸಿದ. ಗ್ರಾಫಿಕ್ಸ್‌ಗೆ ಮೀಸಲಾದ ಮೆಮೊರಿಯನ್ನು ಹೆಚ್ಚಿಸಿದ; ಪ್ರೊಸೆಸರಿನ ವೋಲ್ಟೇಜನ್ನು ತುಸು ತಗ್ಗಿಸಿದ; ಯಂತ್ರದಲ್ಲಿದ್ದ ಎರಡು ಗ್ರಾಫಿಕ್ಸ್ ಚಿಪ್‌ಗಳಲ್ಲಿ ಒಂದನ್ನು ಮಾತ್ರ ಬಳಸುವಂತೆ ಮಾಡಿದ. ಆ ದಿನ ಎಲ್ಲವೂ ಸರಿಯಾಗಿಯೇ ಇತ್ತು. ಮಾರನೆಯ ದಿನ ಪ್ರಾಜೆಕ್ಟ್ ವರದಿ ಬರೆಯುತ್ತಿದ್ದಾಗ ಪರದೆ ಕಪ್ಪಾಯಿತು. ಕೆಲವು ಕ್ಷಣಗಳಲ್ಲಿ ಮರಳಿ ಬಂದು, ಡಿಸ್‌ಪ್ಲೇ ಡ್ರೈವರ್ ಸ್ಪಂದಿಸುವುದನ್ನು ನಿಲ್ಲಿಸಿತ್ತು, ಈಗ ಚೇತರಿಸಿಕೊಂಡಿದೆ ಎಂಬ ಸಂದೇಶ ತೋರಿಸಿತು. ಅವನು ಡ್ರೈವರನ್ನು ತೆಗೆದು ಹೊಸದಾಗಿ ಹಾಕಿದ. ಪ್ರಯೋಜನವಾಗಲಿಲ್ಲ. ಮೂರನೆಯ ದಿನ ವರದಿಯ ಕಡತವೇ ತೆರೆಯಲಿಲ್ಲ.

ದೋಷ ಯಾವುದರದು? ಡ್ರೈವರಿನದೇ, ಗ್ರಾಫಿಕ್ಸ್ ಚಿಪ್ಪಿನದೇ, ಮೆಮೊರಿಯದೇ? ಮೂರು ಸೆಟಿಂಗ್‌ಗಳನ್ನು ಒಟ್ಟಿಗೆ ಬದಲಿಸಿದ್ದರಿಂದ ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ಆದರೆ ಇಂಥ ತೊಂದರೆ ಹೊಸದೇನಲ್ಲ. ಅದರ ಚರಿತ್ರೆಯನ್ನು ನೋಡಿದರೆ ಉತ್ತರವನ್ನು ಹುಡುಕುವ ದಾರಿಯೂ ಕಾಣುತ್ತದೆ.

ಒಂದೇ ಸಂಖ್ಯೆ, ಎರಡು ಯಂತ್ರ

1977ರಲ್ಲಿ ಅಮೆರಿಕದ ಕಮೊಡೋರ್ ಕಂಪನಿ ಪೆಟ್ ಎಂಬ ಗಣಕವನ್ನು ಹೊರತಂದಿತು. ಪರದೆ, ಕೀಲಿಮಣೆ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿದ್ದ ಯಂತ್ರ ಅದು. ಅದರ ಮೊದಲ ಮಾದರಿಗಳಲ್ಲಿ ಪ್ರೊಸೆಸರ್ ಪರದೆಯ ಮೆಮೊರಿಗೆ ಬರೆಯುವಾಗಲೇ ಚಿತ್ರ ಮೂಡಿಸುವ ಮಂಡಲವೂ ಅದೇ ಮೆಮೊರಿಯನ್ನು ಓದಲು ಹೊರಟರೆ ಪರದೆಯ ಮೇಲೆ ಚುಕ್ಕಿಗಳು ಉದುರಿದಂತೆ ಕಾಣುತ್ತಿತ್ತು. ಇದನ್ನು ತಪ್ಪಿಸಲು ಒಂದು ಏರ್ಪಾಡು ಇತ್ತು. ಪರದೆಯ ಕಿರಣ ಕೆಳಗಿನಿಂದ ಮೇಲಕ್ಕೆ ಮರಳುವ ಚಿಕ್ಕ ಬಿಡುವಿನಲ್ಲಿ ಮಾತ್ರ ಪ್ರೊಸೆಸರ್ ಅಕ್ಷರಗಳನ್ನು ಬರೆಯುತ್ತಿತ್ತು. ಆ ಬಿಡುವು ಬಂದಿದೆ ಎಂದು ತಿಳಿಸಲು ಒಂದು ಸಂಕೇತದ ತಂತಿ ಇತ್ತು.

ಕಾಯುವುದೆಂದರೆ ಸಮಯ ವ್ಯರ್ಥ, ಅಲ್ಲವೇ? ಉತ್ಸಾಹಿಗಳು ಒಂದು ಉಪಾಯ ಕಂಡುಕೊಂಡರು. ಬೇಸಿಕ್ ಭಾಷೆಯಲ್ಲಿ ಪೋಕ್ ಎಂಬ ಆದೇಶದಿಂದ 59458 ಎಂಬ ವಿಳಾಸದಲ್ಲಿ 62 ಎಂಬ ಸಂಖ್ಯೆಯನ್ನು ಬರೆದರೆ ಸಾಕು, ಮುದ್ರಣದ ವೇಗ ಹೆಚ್ಚುತ್ತಿತ್ತು. 62ನ್ನು ದ್ವಿಮಾನ ಪದ್ಧತಿಯಲ್ಲಿ ಬರೆದರೆ 111110. ಎಡತುದಿಯ 1 ಎಂಬುದು 32ರ ಸ್ಥಾನ. ಈ ಒಂದು ಬಿಟ್ ಸಂಕೇತವನ್ನು ಕೇಳಬೇಕಾಗಿದ್ದ ತಂತಿಯನ್ನು ಸಂಕೇತ ಕಳುಹಿಸುವ ತಂತಿಯಾಗಿ ಮಾರ್ಪಡಿಸುತ್ತಿತ್ತು. ಆಗ ಪ್ರೊಸೆಸರಿಗೆ ಸದಾ ಬಿಡುವಿದೆ ಎಂದೇ ತೋರುತ್ತಿತ್ತು.

ಮೊದಲ ಪೆಟ್‌ನಲ್ಲಿ ಇದರಿಂದ ಹಾನಿಯೇನೂ ಆಗಲಿಲ್ಲ. ಮುಂದೆ ಕಂಪನಿ ಪರದೆಯ ಮಂಡಲವನ್ನು ಬದಲಿಸಿ ಹೊಸ ಮಾದರಿಗಳನ್ನು ತಂದಿತು. ಹಳೆಯ ಕ್ರಮವಿಧಿಗಳೂ ಅವುಗಳೊಳಗಿದ್ದ 62 ಎಂಬ ಸಂಖ್ಯೆಯೂ ಹಾಗೇ ಉಳಿದವು. ಹೊಸ ಯಂತ್ರದಲ್ಲಿ ಅದೇ ತಂತಿಗೆ ಎರಡು ಕಡೆಯಿಂದ ಸಂಕೇತ ಬಂದು ತಿಕ್ಕಾಟವಾಯಿತು. ಪರದೆಯ ಚಿತ್ರ ಕಲಸಿಹೋಯಿತು. ಹಾಗೆಯೇ ಬಿಟ್ಟರೆ ಮಾನಿಟರಿಗೇ ಹಾನಿಯಾಗಬಹುದೆಂಬ ಎಚ್ಚರಿಕೆಯೂ ಹಬ್ಬಿತು. ಇದಕ್ಕೆ ಕೊಲ್ಲುವ ಪೋಕ್ ಎಂಬ ಅಡ್ಡಹೆಸರೇ ಬಂತು.

ಇಲ್ಲಿ 62 ಎಂಬುದು ಒಳ್ಳೆಯ ಸಂಖ್ಯೆಯೂ ಅಲ್ಲ, ಕೆಟ್ಟ ಸಂಖ್ಯೆಯೂ ಅಲ್ಲ. ಅದರ ಅರ್ಥ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ. ಗೆಳೆಯನ ಲ್ಯಾಪ್‌ಟಾಪಿಗೆ ಹೊಂದಿದ ಸೆಟಿಂಗ್ ನಿಮ್ಮದಕ್ಕೆ ಏಕೆ ಹೊಂದದು ಎಂಬುದಕ್ಕೆ ಇದೇ ಮೊದಲ ಪಾಠ.

ಕಣ್ಣಿಗೆ ಕಾಣುತ್ತಿದ್ದ ಸೆಟಿಂಗ್ ಮರೆಯಾದದ್ದು

ಐಬಿಎಂ ಪಿಸಿ 1981ರ ಆಗಸ್ಟ್ 12ರಂದು ಪ್ರಕಟವಾಯಿತು. ಯಂತ್ರಕ್ಕೆ ತಕ್ಕಂತೆ ಬದಲಾಗುವ ಮೂಲ ಕ್ರಮವಿಧಿಗಳನ್ನು ಬೇರೆಯಾಗಿಡುವ ವಿಚಾರ ಅದಕ್ಕೂ ಹಿಂದಿನದು. 1970ರ ದಶಕದಲ್ಲಿ ಗ್ಯಾರಿ ಕಿಲ್ಡಾಲ್ ತಮ್ಮ ಸಿಪಿ/ಎಂ ಕಾರ್ಯಾಚರಣ ವ್ಯವಸ್ಥೆಯಲ್ಲಿ ಈ ಭಾಗಕ್ಕೆ ಬಯಾಸ್ ಎಂಬ ಹೆಸರನ್ನು ಬಳಸಿದ್ದರು. ಐಬಿಎಂ ತನ್ನ ಬಯಾಸನ್ನು ಅಳಿಸಲಾಗದ ರಾಮ್ ಅಲ್ಲದ ಚಿಪ್ಪಿನಲ್ಲಿ, ಅಂದರೆ ರೋಮ್‌ನಲ್ಲಿ ಇಟ್ಟಿತು. ಹೀಗೆ ಯಂತ್ರಾಂಶದಲ್ಲಿಯೇ ನೆಲೆಸಿರುವ ತಂತ್ರಾಂಶವೇ ಫರ್ಮ್‌ವೇರ್.

ಆ ಪಿಸಿಯಲ್ಲಿ ಸೆಟಿಂಗ್ ಎಂದರೆ ಮದರ್‌ಬೋರ್ಡಿನ ಮೇಲಿದ್ದ ಪುಟ್ಟ ಸ್ವಿಚ್ಚುಗಳ ಸಾಲು. ಅವುಗಳಲ್ಲಿ ಎರಡು ಸ್ವಿಚ್ಚುಗಳು ಪರದೆಗೇ ಮೀಸಲು. ಏಕವರ್ಣದ ಕಾರ್ಡೋ, ಬಣ್ಣದ ಕಾರ್ಡೋ ಎಂಬುದನ್ನು ಅವು ಬಯಾಸಿಗೆ ತಿಳಿಸುತ್ತಿದ್ದವು. ತಪ್ಪಾದರೆ ಮುಚ್ಚಳ ತೆಗೆದು ಕಣ್ಣಿನಿಂದಲೇ ನೋಡಿ, ಪೆನ್ನಿನ ತುದಿಯಿಂದ ಸರಿಪಡಿಸಬಹುದಿತ್ತು.

1984ರ ಐಬಿಎಂ ಪಿಸಿ ಎಟಿಯಲ್ಲಿ ಈ ವಿವರಗಳಲ್ಲಿ ಬಹುಪಾಲು ಮೊಟೊರೋಲ ಕಂಪನಿಯ ಗಡಿಯಾರದ ಚಿಪ್ಪಿಗೆ ವರ್ಗವಾದವು. ಅದರಲ್ಲಿದ್ದದ್ದು ಕೇವಲ 64 ಬೈಟ್ ಮೆಮೊರಿ. ಅದನ್ನು ಒಂದು ಬ್ಯಾಟರಿ ಕಾಪಾಡುತ್ತಿತ್ತು. ಬ್ಯಾಟರಿ ತೆಗೆದರೆ ಸೆಟಿಂಗ್‌ಗಳು ಅಳಿಸಿಹೋಗಿ ಯಂತ್ರ ಮೊದಲಿನ ಸ್ಥಿತಿಗೆ ಬರುತ್ತಿತ್ತು. ದುರಸ್ತಿಗಾರರ ಈ ಹಳೆಯ ಉಪಾಯವನ್ನು ನೀವೂ ಕೇಳಿರಬಹುದು.

1990ರ ದಶಕದಲ್ಲಿ ಬಯಾಸ್ ಫ್ಲ್ಯಾಶ್ ಚಿಪ್ಪಿಗೆ ಬಂತು. ಚಿಪ್ ಕೀಳದೆಯೇ ಹೊಸ ಬಯಾಸ್ ಬರೆಯಲು ಸಾಧ್ಯವಾದದ್ದು ದೊಡ್ಡ ಅನುಕೂಲ. ಆದರೆ ಬರೆಯಲು ಬರುವುದನ್ನು ಕೆಡಿಸಲೂ ಬರುತ್ತದೆ. 1998ರಲ್ಲಿ ತೈವಾನಿನಲ್ಲಿ ಹುಟ್ಟಿದ ಸಿಐಎಚ್ ವೈರಸ್ 1999ರ ಏಪ್ರಿಲ್ 26ರಂದು ಜಗತ್ತಿನಾದ್ಯಂತ ಗಣಕಗಳ ಡಿಸ್ಕ್ ಅಳಿಸಿದ್ದಲ್ಲದೆ, ಕೆಲವು ಮದರ್‌ಬೋರ್ಡುಗಳ ಬಯಾಸನ್ನೂ ಕೆಡಿಸಿತು. ಅಂಥ ಯಂತ್ರಗಳು ಆರಂಭವಾಗುವುದನ್ನೇ ಮರೆತವು.

ತಪ್ಪು ಊಹೆ, ಸರಿಯಾದ ಪ್ರಯೋಗ

ಮುಂದಿನ ಹೆಜ್ಜೆ ಯುಇಎಫ್‌ಐ. 1990ರ ದಶಕದ ಕೊನೆಯಲ್ಲಿ ಇಂಟೆಲ್ ಆರಂಭಿಸಿದ ಈ ಹೊಸ ಫರ್ಮ್‌ವೇರ್ ವ್ಯವಸ್ಥೆಯನ್ನು 2005ರಲ್ಲಿ ಹಲವು ಕಂಪನಿಗಳು ಸೇರಿದ ಒಂದು ವೇದಿಕೆ ವಹಿಸಿಕೊಂಡಿತು. ಇದರಲ್ಲಿ ಸೆಟಿಂಗ್‌ಗಳು ಸಾಮಾನ್ಯವಾಗಿ ಫ್ಲ್ಯಾಶ್ ಚಿಪ್ಪಿನಲ್ಲೇ ಚರಾಂಶಗಳಾಗಿ ಉಳಿಯುತ್ತವೆ. ಆದ್ದರಿಂದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ತೆಗೆದರೂ ಅವು ಅಳಿಸುವುದಿಲ್ಲ. ಸೆಟಪ್ ಪುಟದಲ್ಲಿ ಕಾಣುವುದು ಅವುಗಳಲ್ಲಿ ಕೆಲವು ಮಾತ್ರ. ಉಳಿದವನ್ನು ತಯಾರಕರು ಮರೆಯಲ್ಲಿಟ್ಟಿರುತ್ತಾರೆ.

2013ರ ಜನವರಿಯಲ್ಲಿ ಒಂದು ವಿಚಿತ್ರ ಸುದ್ದಿ ಬಂತು. ಕೆಲವು ಮಾದರಿಯ ಸ್ಯಾಮ್‌ಸಂಗ್ ಲ್ಯಾಪ್‌ಟಾಪ್‌ಗಳಲ್ಲಿ ಲಿನಕ್ಸ್ ಆರಂಭಿಸಿದರೆ ಯಂತ್ರ ಮತ್ತೆಂದೂ ಆರಂಭವಾಗುತ್ತಿರಲಿಲ್ಲ. ಆ ಲ್ಯಾಪ್‌ಟಾಪ್‌ಗಳಿಗೆಂದೇ ಲಿನಕ್ಸ್‌ನಲ್ಲಿದ್ದ ಒಂದು ಡ್ರೈವರಿನ ಮೇಲೆ ಮೊದಲು ಸಂಶಯ ಬಿತ್ತು. ಸಂಶಯಕ್ಕೆ ಕಾರಣವೂ ಇತ್ತು, ಆದರೆ ಅಷ್ಟೇ ಪೂರ್ಣ ಉತ್ತರವಾಗಿರಲಿಲ್ಲ. ಲಿನಕ್ಸ್ ತಜ್ಞ ಮ್ಯಾಥ್ಯೂ ಗ್ಯಾರೆಟ್ ಬೇರೆ ರೀತಿಯಲ್ಲಿ ಯೋಚಿಸಿದರು. ಲಿನಕ್ಸ್ ಕುಸಿದಾಗ ಅದರ ವಿವರವನ್ನು ಯುಇಎಫ್‌ಐ ಚರಾಂಶಗಳಲ್ಲಿ ಬರೆದಿಡುತ್ತದೆ. ಆ ಜಾಗ ತುಂಬಿಹೋದದ್ದೇ ಕಾರಣವಾಗಿದ್ದರೆ? ಹಾಗಿದ್ದಲ್ಲಿ ಲಿನಕ್ಸ್ ಇಲ್ಲದೆಯೂ ಅದೇ ಫಲ ಬರಬೇಕು. ಅವರು ವಿಂಡೋಸ್‌ನಲ್ಲಿ ಓಡುವ ಚಿಕ್ಕ ಕ್ರಮವಿಧಿಯಿಂದ ಚರಾಂಶಗಳನ್ನು ತುಂಬಿದರು. ಯಂತ್ರ ಆಗಲೂ ಆರಂಭವಾಗಲಿಲ್ಲ. ಜಾಗ ತುಂಬಿದಾಗ ಏನು ಮಾಡಬೇಕೆಂದು ಫರ್ಮ್‌ವೇರಿಗೆ ತಿಳಿಯದಿದ್ದುದೇ ದೋಷ ಎಂದು ಗೊತ್ತಾಯಿತು.

ತೊಂದರೆ ಕಂಡ ಜಾಗವೇ ತೊಂದರೆ ಹುಟ್ಟಿದ ಜಾಗವಲ್ಲ. ಒಂದು ಅಂಶವನ್ನು ಬೇರ್ಪಡಿಸಿ ಪರೀಕ್ಷಿಸಿದಾಗಲೇ ಅದು ತಿಳಿಯಿತು.

ಪರದೆಯೇ ಏಕೆ ಮೊದಲು ಸೋಲುತ್ತದೆ?

ಈಗ ನಮ್ಮ ವಿದ್ಯಾರ್ಥಿಯ ಮೂರು ಸೆಟಿಂಗ್‌ಗಳಿಗೆ ಬರೋಣ.

ಮೊದಲನೆಯದು ಮೆಮೊರಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಘಟಕಕ್ಕೆ ಸ್ವಂತ ಮೆಮೊರಿ ಇರುವುದಿಲ್ಲ. ಕಾರ್ಯಾಚರಣ ವ್ಯವಸ್ಥೆ ಎಚ್ಚರಗೊಳ್ಳುವ ಮೊದಲೇ ಫರ್ಮ್‌ವೇರ್ ಮುಖ್ಯ ಮೆಮೊರಿಯ ಒಂದು ತುಂಡನ್ನು ಅದಕ್ಕೆ ಕಾದಿರಿಸುತ್ತದೆ. ಈ ತುಂಡನ್ನು ಹಿಗ್ಗಿಸಿದರೆ ಉಳಿದ ಕೆಲಸಗಳಿಗೆ ಮೆಮೊರಿ ಕಡಿಮೆಯಾಗುತ್ತದೆ. ತೀರಾ ಕುಗ್ಗಿಸಿದರೆ ಡ್ರೈವರಿಗೆ ಸಾಲದೆ ಹೋಗಬಹುದು.

ಎರಡನೆಯದು ವೋಲ್ಟೇಜ್. ಚಿಪ್ ಬಳಸುವ ಶಕ್ತಿಯ ಮುಖ್ಯ ಭಾಗ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೋಲ್ಟೇಜನ್ನು ಶೇ. 10 ತಗ್ಗಿಸಿದರೆ 0.9ರ ವರ್ಗ 0.81, ಅಂದರೆ ಶೇ. 19ರಷ್ಟು ಉಳಿತಾಯ. ಬಿಸಿ ಕಡಿಮೆಯಾಗುವುದು ನಿಜ. ಆದರೆ ಟ್ರಾನ್ಸಿಸ್ಟರುಗಳು ನಿಧಾನವಾಗುತ್ತವೆ. ಗಡಿಯಾರದ ಒಂದು ಮಿಡಿತದೊಳಗೆ ಸಂಕೇತ ತಲಪದಿದ್ದರೆ 1 ಇರಬೇಕಾದಲ್ಲಿ 0 ಉಳಿಯುತ್ತದೆ. 2019ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್, ಗ್ರಾಜ್ ಮತ್ತು ಲ್ಯೂವೆನ್ ವಿಶ್ವವಿದ್ಯಾಲಯಗಳ ಸಂಶೋಧಕರು ಪ್ಲಂಡರ್‌ವೋಲ್ಟ್ ಎಂಬ ದಾಳಿಯಲ್ಲಿ ಇದನ್ನೇ ತೋರಿಸಿದರು. ಇಂಟೆಲ್ ಪ್ರೊಸೆಸರಿನ ವೋಲ್ಟೇಜನ್ನು ಅಳೆದು ತಗ್ಗಿಸಿದಾಗ ಯಂತ್ರ ನಿಲ್ಲಲಿಲ್ಲ, ಆದರೆ ಗುಣಾಕಾರದ ಉತ್ತರ ತಪ್ಪಾಗಿ ಬಂತು. ಆ ಬಳಿಕ ಅನೇಕ ಲ್ಯಾಪ್‌ಟಾಪ್‌ಗಳ ಫರ್ಮ್‌ವೇರ್ ಪರಿಷ್ಕರಣೆಗಳು ಈ ಸೌಲಭ್ಯವನ್ನೇ ಮುಚ್ಚಿದವು. ವಿದ್ಯಾರ್ಥಿಯ ವರದಿ ಏಕೆ ಕೆಟ್ಟಿರಬಹುದೆಂದು ಈಗ ಊಹಿಸಬಲ್ಲಿರಿ. ತಪ್ಪು ಲೆಕ್ಕ ಸದ್ದಿಲ್ಲದೆ ಡಿಸ್ಕಿನ ಮೇಲೂ ಬರೆದುಹೋಗುತ್ತದೆ.

ಮೂರನೆಯದು ಚಿಪ್ಪಿನ ಆಯ್ಕೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಶಕ್ತಿಶಾಲಿ ಚಿಪ್ ಚಿತ್ರ ರಚಿಸಿದರೂ ಅದು ಪರದೆಗೆ ಹೋಗುವುದು ಪ್ರೊಸೆಸರಿನ ಗ್ರಾಫಿಕ್ಸ್ ಘಟಕದ ಮೂಲಕ. ಎನ್‌ವಿಡಿಯಾ 2010ರಲ್ಲಿ ಪರಿಚಯಿಸಿದ ಆಪ್ಟಿಮಸ್ ಇಂಥದ್ದು. ಈ ದಾರಿಯನ್ನು ಬದಲಿಸಿದರೆ ಹಿಂದಿನ ಏರ್ಪಾಡಿಗೆ ಒಗ್ಗಿದ್ದ ಡ್ರೈವರುಗಳು ಮುಗ್ಗರಿಸಬಹುದು.

ಹಾಗಾದರೆ ಸಂದೇಶ ಡ್ರೈವರಿನ ಹೆಸರನ್ನೇ ಏಕೆ ಹೇಳಿತು? ವಿಂಡೋಸ್ ವಿಸ್ಟಾದ ಕಾಲದಿಂದ ಒಂದು ಕಾವಲು ಇದೆ. ಗ್ರಾಫಿಕ್ಸ್ ಚಿಪ್ ಸಾಮಾನ್ಯವಾಗಿ 2 ಸೆಕೆಂಡಿನೊಳಗೆ ಉತ್ತರಿಸದಿದ್ದರೆ ವಿಂಡೋಸ್ ಅದನ್ನು ಮರಳಿ ಆರಂಭಿಸುತ್ತದೆ. ಮೆಮೊರಿ, ವೋಲ್ಟೇಜ್, ಬಿಸಿ, ಡ್ರೈವರ್ ಇವುಗಳಲ್ಲಿ ಯಾವುದು ಕೆಟ್ಟರೂ ಗಂಟೆ ಬಾರಿಸುವುದು ಈ ಕಾವಲುಗಾರನೇ. ಗಂಟೆ ಬಾರಿಸಿದವನನ್ನೇ ಕಳ್ಳನೆನ್ನಬಾರದು.

ಹುಡುಕುವ ಕ್ರಮ

ಇಂಥ ಲ್ಯಾಪ್‌ಟಾಪ್ ನಿಮ್ಮ ಕೈಗೆ ಬಂದರೆ ಏನು ಮಾಡುವಿರಿ?

ಮೊದಲು ಮುಖ್ಯ ಕಡತಗಳನ್ನು ಬೇರೆಡೆ ನಕಲು ಮಾಡಿಡಿ. ಹಳೆಯ ನಕಲಿದ್ದರೆ ಅದನ್ನು ಅಳಿಸಬೇಡಿ, ಹೊಸದು ಕೆಟ್ಟಿರಬಹುದು. ಡಿಸ್ಕಿಗೆ ಬಿಟ್‌ಲಾಕರ್‌ನಂಥ ಗೂಢಲಿಪಿ ಇದ್ದರೆ ಅದರ ಮರುಪ್ರಾಪ್ತಿ ಕೀಲಿಯನ್ನು ಕೈಯಲ್ಲಿಟ್ಟುಕೊಳ್ಳಿ. ಫರ್ಮ್‌ವೇರ್ ಸೆಟಿಂಗ್ ಬದಲಾದಾಗ ಅದು ಕೀಲಿ ಕೇಳುವುದುಂಟು.

ಆಮೇಲೆ ಸೆಟಪ್ ಪುಟಗಳನ್ನು ಈಗಿರುವಂತೆಯೇ ಛಾಯಾಚಿತ್ರ ತೆಗೆದಿಡಿ. ಡಿಸ್ಕ್ ಯಾವ ವಿಧಾನದಲ್ಲಿದೆ ಎಂಬುದನ್ನು ವಿಶೇಷವಾಗಿ ಗುರುತು ಮಾಡಿ. ಮೂಲ ಸೆಟಿಂಗ್‌ಗಳಿಗೆ ಮರಳಿಸುವ ಆಯ್ಕೆ ಕೆಲವೊಮ್ಮೆ ಅದನ್ನೂ ಬದಲಿಸುತ್ತದೆ; ಆಗ ವಿಂಡೋಸ್ ಆರಂಭವಾಗದೆ ಹೊಸ ಗೊಂದಲ ಹುಟ್ಟುತ್ತದೆ.

ಈಗ ಎಲ್ಲವನ್ನೂ ಮೂಲ ಸ್ಥಿತಿಗೆ ತನ್ನಿ. ತೊಂದರೆ ನಿಂತರೆ ದೋಷ ಸೆಟಿಂಗ್‌ಗಳಲ್ಲಿತ್ತು ಎನ್ನಲು ಆಧಾರ ಸಿಕ್ಕಿತು. ನಿಲ್ಲದಿದ್ದರೆ ಮೆಮೊರಿ ಪರೀಕ್ಷೆ ನಡೆಸಿ. ಪೆನ್ ಡ್ರೈವಿನಿಂದ ಲಿನಕ್ಸ್ ಆರಂಭಿಸಿ ನೋಡಿ. ಅಲ್ಲಿಯೂ ಪರದೆ ಕೆಟ್ಟರೆ ವಿಂಡೋಸಿನ ಡ್ರೈವರ್ ಬಹುಮಟ್ಟಿಗೆ ನಿರಪರಾಧಿ, ಯಂತ್ರಾಂಶವನ್ನು ಪರೀಕ್ಷಿಸಬೇಕು.

ಕಾರಣ ಯಾವುದೆಂದು ತಿಳಿಯಲೇಬೇಕಿದ್ದರೆ ಒಂದು ಬಾರಿಗೆ ಒಂದೇ ಸೆಟಿಂಗ್ ಬದಲಿಸಿ, ಸಾಕಷ್ಟು ಹೊತ್ತು ಬಳಸಿ, ಫಲವನ್ನು ಬರೆದಿಡಿ. ವೋಲ್ಟೇಜಿನ ಪ್ರಯೋಗವನ್ನು ಮಾತ್ರ ಬೆಲೆಬಾಳುವ ಕಡತಗಳಿರುವ ಯಂತ್ರದಲ್ಲಿ ಮಾಡಬೇಡಿ. ಮರೆಯಲ್ಲಿಟ್ಟಿರುವ ಸೆಟಿಂಗ್‌ಗಳನ್ನು ಹೊರಗಿನ ಸಾಧನಗಳಿಂದ ಬದಲಿಸಲೂ ಹೋಗಬೇಡಿ. ಫರ್ಮ್‌ವೇರ್ ಪರಿಷ್ಕರಣೆ ನಡೆಯುವಾಗ ವಿದ್ಯುತ್ ತಪ್ಪದಂತೆ ಎಚ್ಚರ ವಹಿಸಿ.

ಲೋಲಕದ ಪ್ರಯೋಗದಲ್ಲಿ ದಾರದ ಉದ್ದವನ್ನೂ ಗುಂಡಿನ ತೂಕವನ್ನೂ ಒಟ್ಟಿಗೆ ಬದಲಿಸಬಾರದೆಂದು ಶಿಕ್ಷಕರಾದ ನೀವು ಪ್ರತಿವರ್ಷ ಹೇಳುತ್ತೀರಿ. ಆ ಮಾತು ಲ್ಯಾಪ್‌ಟಾಪಿಗೂ ಅನ್ವಯಿಸುತ್ತದೆ. ನಮ್ಮ ವಿದ್ಯಾರ್ಥಿ ಬದಲಾವಣೆಗೆ ಮೊದಲು ನೋಟ್ ಪುಸ್ತಕದಲ್ಲಿ ಮೂರು ಸಾಲು ಬರೆದಿಟ್ಟು, ಒಂದೊಂದಾಗಿ ಬದಲಿಸಿದ್ದರೆ ಮೊದಲ ಬಾರಿ ಪರದೆ ಕಪ್ಪಾದಾಗಲೇ ಹಿಂದಿರುಗುತ್ತಿದ್ದ. ಅವನ ವರದಿಯೂ ಉಳಿಯುತ್ತಿತ್ತು.